ಮೂರು ಮೆಟ್ಟಿಲ ಸೀಮೆಯಲ್ಲಿ ಸೈಕಲ್ ಸವಾರಿ

ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರಿದ್ದಾರೆ. ಯುರೋಪಿನ ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಸೈಕಲ್ ಹೊಡೆಯುವವರ ವಿಡಿಯೋ ನೋಡುವುದೆಂದರೆ ಅವರಿಗೆ ಪ್ರಾಣ. ಬೆಳಿಗ್ಗೆ ಒಂದು ಹಳ್ಳಿಯಲ್ಲಿ ರೊಟ್ಟಿ, ಚೀಸು; ಮಧ್ಯಾಹ್ನ ಇನ್ನೊಂದು ಹಳ್ಳಿಯ ಹಳೆಯ ಇಗರ್ಜಿ; ಸಂಜೆ ಮೂರನೆಯದರಲ್ಲಿ ಅಲ್ಲೇ ಬೆಳೆದ ದ್ರಾಕ್ಷಿಯ ವೈನು. ಇಟಲಿಯ ಸ್ಟೆಲ್ವಿಯೋ ಘಾಟಿಯ 48 ಹೇರ್‌ಪಿನ್ ತಿರುವುಗಳನ್ನು ತೋರಿಸಿ, "ನಮ್ಮ ಕಡೆ ಇಂಥದ್ದೆಲ್ಲಿದೆ ಸಾರ್?" ಅಂದರು. ಇದೆ ಸಾರ್, ನಾವೇ ಅದರ ತುದಿಯಲ್ಲಿ ಕೂತಿದ್ದೇವೆ ಅಂದೆ. ಅವರು ನಂಬಲಿಲ್ಲ. ಈ ಬರಹ ಅವರಿಗಾಗಿ, ಮತ್ತು ಹೊಸೂರು ದಾಟಿದರೆ ಬರೀ ತಮಿಳುನಾಡು, ನೋಡುವುದಕ್ಕೇನೂ ಇಲ್ಲ ಎಂದುಕೊಂಡಿರುವ ನನ್ನ ಕರ್ನಾಟಕದ ಓದುಗರಿಗಾಗಿ.

ಮೊದಲು ಒಂದು ಚೂರು ಭೂಗೋಳ. ಹಳೆಯ ಸೇಲಂ ಜಿಲ್ಲೆ ಬಹಳ ದೊಡ್ಡದಿತ್ತು. 1965ರ ಅಕ್ಟೋಬರ್ 2ರಂದು ಅದರಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು, 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಈ ಪಾಲುಪಟ್ಟಿಗೂ ಮುಂಚೆ, ಕಂಪನಿ ಸರ್ಕಾರದವರು ಬರೆದಿಟ್ಟ ಕಾಗದಗಳಲ್ಲಿ ಈ ಸೀಮೆಗೆ ಮೂರು ಹೆಸರುಗಳಿವೆ. ಹೊಸೂರಿನ ಕಡೆಯದು ಬಾಲಾಘಾಟು, ಎಂದರೆ ಘಟ್ಟದ ಮೇಲಿನದು. ಧರ್ಮಪುರಿ, ಕೃಷ್ಣಗಿರಿ ಬಾರಾಮಹಲು, ಹನ್ನೆರಡು ಕೋಟೆಗಳ ಸೀಮೆ. ಸೇಲಂ ಇರುವುದು ತಲಘಾಟು, ಘಟ್ಟದ ಕೆಳಗಿನದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಧರ್ಮಪುರಿ ಅದರ ಅರ್ಧ, ಸೇಲಂ ಇನ್ನೂ ಕೆಳಗೆ, 300 ಮೀಟರಿಗೂ ಕಮ್ಮಿ. ಮೂರು ಮೆಟ್ಟಿಲು, ಅಷ್ಟೇ.

ಬಸ್ಸಿನಲ್ಲಿ ಹೋದರೆ ಇದು ಗೊತ್ತೇ ಆಗುವುದಿಲ್ಲ. ಹಾಡು ಹಾಕಿರುತ್ತಾರೆ, ನಿದ್ದೆ ಬಂದಿರುತ್ತದೆ, ಎಚ್ಚರವಾದಾಗ ಸೇಲಂ. ಸೈಕಲ್ಲಿನಲ್ಲಿ ಹೋದರೆ ಮೈಗೆ ಗೊತ್ತಾಗುತ್ತದೆ. ಗಾಳಿ ಬಿಸಿಯಾಗುವ ಜಾಗ, ಹೊಲದಲ್ಲಿ ಪೈರು ಬದಲಾಗುವ ಜಾಗ, "ಎಲ್ಲಿಗೆ ಹೋಗ್ತಿದೀರಾ?" ಎಂದು ಕೇಳುವವರ ಮಾತು ಬದಲಾಗುವ ಜಾಗ, ಈ ಮೂರೂ ಒಂದೇ ಕಡೆ ಇಲ್ಲ ಎಂಬುದೂ ಆಗಲೇ ಗೊತ್ತಾಗುವುದು. ನಕ್ಷೆಯಲ್ಲಿ ರಾಜ್ಯದ ಗಡಿ ಅತ್ತಿಬೆಲೆಯಲ್ಲೇ ಮುಗಿದುಹೋಗುತ್ತದೆ. ಕನ್ನಡ ಅಲ್ಲಿ ಮುಗಿಯುವುದಿಲ್ಲ. ಅದು ಮೆಟ್ಟಿಲಿಳಿದು ಬಹಳ ದೂರ ಹೋಗಿದೆ, ಮತ್ತು ಬಹಳ ಹಿಂದೆಯೇ ಹೋಗಿದೆ.

ನಾಲ್ಕು ಲೇನಿನ ಹೆದ್ದಾರಿ ಬಿಟ್ಟುಬಿಡಿ. ಹೊಸೂರಿನಿಂದ ರಾಯಕೋಟೆ ರಸ್ತೆ ಹಿಡಿಯಿರಿ. ಮೂವತ್ತು ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ರಾಗಿ, ಹುರುಳಿ, ಅವರೆ, ಟೊಮೆಟೊ. ಅಂಗಡಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಒಂದೇ ವಾಕ್ಯದಲ್ಲಿ ಮೂರೂ ನಡೆಯುವುದೂ ಉಂಟು. ರಾಯಕೋಟೆಯ ದುರ್ಗ ದೂರದಿಂದಲೇ ಕಾಣುತ್ತದೆ. ಮೈಸೂರಿನಿಂದ ಬಾರಾಮಹಲಿಗೆ ಇಳಿಯುವ ಕಣಿವೆಗೆ ಇದೇ ಬಾಗಿಲು. 1791ರ ಜುಲೈನಲ್ಲಿ, ಮೂರನೆಯ ಮೈಸೂರು ಯುದ್ಧದ ಹೊತ್ತಿಗೆ, ಮೇಜರ್ ಗೌಡಿ ಎಂಬ ಕಂಪನಿಯ ಅಧಿಕಾರಿ ಈ ಕೋಟೆ ಹಿಡಿದ. ಗೌಡಿ ಅಂದಕೂಡಲೇ ನಮ್ಮ ಗೌಡರು ಯಾರೋ ಇರಬೇಕು ಎಂದುಕೊಳ್ಳಬೇಡಿ, ಅವನು ಬಿಳಿಯನೇ! ಬಾಗಿಲು ಅವರ ಕೈಗೆ ಹೋದಮೇಲೆ ಟಿಪ್ಪುವಿನ ಮೇಲೆ ಬರುವ ಸೈನ್ಯಕ್ಕೆ ಅಕ್ಕಿ, ಎತ್ತು, ಮದ್ದುಗುಂಡು ಸಲೀಸಾಗಿ ಮೇಲೆ ಹತ್ತಿದವು. ಮರುವರ್ಷ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟಾಗ ಬಾರಾಮಹಲೂ ಸೇಲಮ್ಮೂ ಮೈಸೂರಿನ ಕೈಬಿಟ್ಟವು. ಹೊಸೂರಿನ ಕಡೆಯ ಬಾಲಾಘಾಟು ಕಂಪನಿಗೆ ಸೇರಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಈಗಿನ ನಮ್ಮ ಗಡಿಯ ಮೂಲ ಹುಡುಕುವವರು 1956ರ ರಾಜ್ಯ ವಿಂಗಡಣೆಯಲ್ಲೇ ನಿಂತುಬಿಡುತ್ತಾರೆ. ನನ್ನ ಪ್ರಕಾರ ನಿಜವಾದ ಗೆರೆ ಬಿದ್ದದ್ದು ಈ ಏಳು ವರ್ಷಗಳಲ್ಲಿ. 1956ರಲ್ಲಿ ಅದರ ಮೇಲೆ ಮಸಿ ತಿದ್ದಿದರು, ಅಷ್ಟೇ.

ರಾಯಕೋಟೆಯಿಂದ ಪಾಲಕ್ಕೋಡಿಗೆ ಇಳಿಜಾರು. ಪೆಡಲ್ ತುಳಿಯುವುದು ಕಮ್ಮಿ, ಬ್ರೇಕಿನ ಮೇಲೆ ಕೈ ಜಾಸ್ತಿ. ಮಾವಿನ ತೋಪು, ತೆಂಗು, ಹುಣಿಸೆಮರದ ಸಾಲು. ನಾವು ತೋತಾಪುರಿ ಅನ್ನುವ ಮಾವಿಗೆ ಇಲ್ಲಿ 'ಬೆಂಗಳೂರಾ' ಎಂದು ಹೆಸರು. ಬೆಂಗಳೂರಿನವರಿಗೆ ಇದು ಗೊತ್ತಿಲ್ಲ, ಹೇಳಿದರೆ ನಗುತ್ತಾರೆ.

ಇನ್ನು ಊಟ. ಈ ಮೆಟ್ಟಿಲಿನಲ್ಲಿ ರಾಗಿಮುದ್ದೆ ಮುಗಿಯುತ್ತದೆ ಎಂದುಕೊಂಡರೆ ತಪ್ಪು. ಹೆಸರು ಮಾತ್ರ 'ಕಳಿ' ಎಂದಾಗುತ್ತದೆ. ಜೊತೆಗೆ ಮಸೆದ ಸೊಪ್ಪು ಅಥವಾ ಹುರುಳಿ ಸಾರು. ರಸ್ತೆಬದಿಯಲ್ಲಿ ಮಡಕೆ ಇಟ್ಟುಕೊಂಡು ರಾಗಿ, ಸಜ್ಜೆಯ ಗಂಜಿ ಮಾರುವ ಅಮ್ಮಂದಿರಿದ್ದಾರೆ. ಮಜ್ಜಿಗೆ ಬೆರೆಸಿ, ಹಸಿ ಈರುಳ್ಳಿ, ಬಾಳಕದ ಮೆಣಸಿನಕಾಯಿ ನೆಂಚಿಕೊಳ್ಳಲು ಕೊಡುತ್ತಾರೆ. ಅದಕ್ಕೆ ತಮಿಳಿನಲ್ಲಿ 'ಕೂೞ್' ಎಂದು ಹೆಸರು. ನಮ್ಮ 'ಕೂಳು' ಇದೇ ಶಬ್ದ. ಹಳಗನ್ನಡದಲ್ಲಿ ಕೂೞ್ ಎಂದರೆ ಮರ್ಯಾದೆಯ ಅನ್ನ. ಈಗ ಕನ್ನಡದಲ್ಲಿ ಯಾರಿಗಾದರೂ 'ಕೂಳು ತಿಂದೆಯಾ' ಅಂದು ನೋಡಿ, ಜಗಳಕ್ಕೇ ಬರುತ್ತಾರೆ. ಇಲ್ಲಿ ಆ ಮಾತಿಗೆ ಮರ್ಯಾದೆ ಉಳಿದಿದೆ, ಕುಡಿದರೆ ಹೊಟ್ಟೆಯೂ ತಂಪು.

ಧರ್ಮಪುರಿ. ಹಳೆಯ ಹೆಸರು ತಗಡೂರು. ನಂಜನಗೂಡಿನ ಹತ್ತಿರವೂ ಒಂದು ತಗಡೂರಿದೆ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು ಅದು. ನಾನು ಹೇಳುತ್ತಿರುವುದು ಘಟ್ಟದ ಕೆಳಗಿನ ತಗಡೂರು. ಇಲ್ಲಿ ಸೈಕಲ್ ನಿಲ್ಲಿಸಿ ಎರಡು ದಿನ ಇರಬೇಕು.

ತಮಿಳು ಮಕ್ಕಳಿಗೆ ತಗಡೂರು ಎಂದರೆ ಅದಿಯಮಾನ್ ನೆಡುಮಾನ್ ಅಂಜಿ. ಸಂಗಂ ಕಾಲದ ಸಣ್ಣ ದೊರೆ, ಅವ್ವೈಯಾರ್ ಎಂಬ ಕವಯಿತ್ರಿಯ ಆಶ್ರಯದಾತ. ತಿಂದವರು ಬಹುಕಾಲ ಬದುಕುವ ನೆಲ್ಲಿಕಾಯಿ ಸಿಕ್ಕಿದಾಗ ತಾನು ತಿನ್ನದೆ ಅವಳಿಗೆ ಕೊಟ್ಟ ಎಂಬ ಕತೆಯನ್ನು ಇಲ್ಲಿ ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ. ಪಾಠಪುಸ್ತಕದಲ್ಲಿ ನೆಲ್ಲಿಕಾಯಿ ಮಾತ್ರ ಬರುತ್ತದೆ. ಅವನು ಸತ್ತಾಗ ಅವ್ವೈ ಕಟ್ಟಿದ ಶೋಕಗೀತೆ 'ಪುಱನಾನೂಱು' ಸಂಕಲನದಲ್ಲಿದೆ. ಅದರಲ್ಲಿ ಅವಳು ಮೊದಲು ನೆನೆಯುವುದು ಅವನು ಹೆಂಡ ಹಂಚುತ್ತಿದ್ದ ಬಗೆಯನ್ನು. ಎರಡು ಸಾವಿರ ವರ್ಷದ ಹಿಂದೆ ಒಬ್ಬ ಹೆಂಗಸು, ಕವಿ, ರಾಜನ ಸಮಸಮಕ್ಕೆ ಕೂತು ಕುಡಿದು ಹಾಡುತ್ತಿದ್ದಳು! ನಮ್ಮ ಪಠ್ಯಪುಸ್ತಕ ಸಮಿತಿಯವರಿಗೆ ನೆಲ್ಲಿಕಾಯಿಯೇ ಸಾಕು ಅನ್ನಿಸಿರಬೇಕು.

ಈ ಅದಿಯಮಾನರ ವಂಶದ ಬಗ್ಗೆ ಇನ್ನೊಂದು ಸ್ವಾರಸ್ಯವಿದೆ. ಅಶೋಕನ ಶಿಲಾಶಾಸನದಲ್ಲಿ ಚೋಳ, ಪಾಂಡ್ಯ, ಕೇರಳಪುತ್ರರ ಜೊತೆ 'ಸತಿಯಪುತ' ಎಂಬ ಒಂದು ಹೆಸರು ಬರುತ್ತದೆ. ಇವರು ಯಾರು ಎಂದು ಪಂಡಿತರು ಬಹುಕಾಲ ಹುಡುಕಿದರು. ತುಳುನಾಡು, ಕಾಸರಗೋಡಿನ ಕಡೆಯವರೆಂದು ವಾದಿಸಿದವರಿದ್ದರು. 1981ರಲ್ಲಿ ತಿರುಕ್ಕೋಯಿಲೂರಿನ ಹತ್ತಿರ ಜಂಬೈ ಎಂಬ ಊರಿನ ಬಂಡೆಯೊಂದರಲ್ಲಿ ತಮಿಳು ಬ್ರಾಹ್ಮಿ ಬರಹ ಸಿಕ್ಕಿತು. ಅದರಲ್ಲಿ ಅದಿಯಮಾನ್ ನೆಡುಮಾನ್ ಅಂಜಿಯ ಹೆಸರಿನ ಜೊತೆಗೇ ಸತಿಯಪುತ ಎಂಬ ಬಿರುದು ಇತ್ತು. ಒಂದೇ ಸಾಲು. ನೂರು ವರ್ಷದ ವಾದ ಅಲ್ಲಿಗೆ ತಣ್ಣಗಾಯಿತು.

ಈಗ ನಮ್ಮ ಕತೆಗೆ ಬರೋಣ. ಸಂಗಂ ಕಾಲ ಕಳೆದು ಎಷ್ಟೋ ಶತಮಾನಗಳ ಮೇಲೆ ತಗಡೂರನ್ನು ಆಳಿದವರು ನೊಳಂಬರು. ಹೇಮಾವತಿಯಿಂದ ಆಳಿದ, ಕನ್ನಡದಲ್ಲಿ ಶಾಸನ ಬರೆಸಿದ ಅರಸರು. ಧರ್ಮಪುರಿಯಲ್ಲಿ ದೊರೆತ ಮಹೇಂದ್ರ ನೊಳಂಬನ ಕಾಲದ ಕಂಬದ ಶಾಸನ ಕನ್ನಡದ್ದು. ಶಕವರ್ಷ 815, ಎಂದರೆ ಕ್ರಿ.ಶ. 893. ನಿಧಿಯಣ್ಣ, ಚಂದಿಯಣ್ಣ ಎಂಬ ಅಣ್ಣತಮ್ಮಂದಿರು ತಗಡೂರಿನಲ್ಲಿ ಒಂದು ಬಸದಿ ಕಟ್ಟಿಸಿದರು. ನಿಧಿಯಣ್ಣ ದೊರೆಯಿಂದ ಮೂಲಪಳ್ಳಿ ಎಂಬ ಗ್ರಾಮ ಪಡೆದು, ಬಸದಿಯ ದುರಸ್ತಿಗೂ ಪೂಜೆಗೂ ಆಗಲೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುಕೊಟ್ಟ. ಹೆಸರುಗಳನ್ನು ಇನ್ನೊಮ್ಮೆ ಓದಿ. ನಿಧಿಯಣ್ಣ, ಚಂದಿಯಣ್ಣ. ಪಂಪ ಹುಟ್ಟುವುದಕ್ಕೂ ಮುಂಚೆ, ಇವತ್ತಿನ ರಾಜ್ಯದ ಗಡಿಯಿಂದ ಎರಡು ಮೆಟ್ಟಿಲು ಕೆಳಗೆ, ಇಬ್ಬರು ಅಣ್ಣಂದಿರು ಕನ್ನಡದಲ್ಲಿ ದಾನಪತ್ರ ಬರೆಸಿದ್ದಾರೆ.

ಈ ಶಾಸನದ ಸಾಲುಗಳನ್ನು ಈಗಿನ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದು ನನ್ನ ಮಕ್ಕಳಿಗೆ ಓದಿಸಿದ್ದೇನೆ. ಅರ್ಧ ಅರ್ಥವಾಗುವುದಿಲ್ಲ, ನಿಜ. 'ತಗಡೂರು' ಎಂದು ಬಂದಕೂಡಲೇ ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾರ್, ಧರ್ಮಪುರಿಯಾ? ನಮ್ಮತ್ತೆ ಊರು ಸಾರ್" ಅಂದ. ನನಗೆ ಅಷ್ಟು ಸಾಕಾಯಿತು. ಆದರೆ ಲೆಕ್ಕ ನೋಡಿದರೆ ಸಂಕಟವಾಗುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಗಡಿಯ ಮನೆಗಳಲ್ಲಿ ಅಪ್ಪ ಅಮ್ಮ ಮಗುವನ್ನು ಯಾವ ಮಾಧ್ಯಮಕ್ಕೆ ಹಾಕುವುದು ಎಂದು ಹತ್ತು ಸಲ ಯೋಚಿಸುತ್ತಾರೆ. ಹೆಚ್ಚಿನವರು ಕೊನೆಗೆ ಆರಿಸುವುದು ಇಂಗ್ಲಿಷನ್ನು, ಅದು ಬೇರೆ ಮಾತು. ತಮಿಳು ಕಲಿಯಬಾರದೆಂದು ನಾನು ಹೇಳುವವನಲ್ಲ. ಅವ್ವೈಯನ್ನು ಓದಿದ್ದೇ ನನ್ನ ಬದುಕಿನ ಒಂದು ಭಾಗ್ಯ. ನಿಧಿಯಣ್ಣನ ಮಾತನ್ನು ಈ ನೆಲದಲ್ಲೇ ಹುಟ್ಟಿದ ಒಬ್ಬರಾದರೂ ಓದುವವರಿರಬೇಕು, ನನ್ನ ಆಸೆ ಅಷ್ಟೇ. ಶಾಸನತಜ್ಞರು ಬೆಂಗಳೂರಿನಿಂದ ಬಂದು ಓದಿ ಹೋದರೆ ಅದು ಬೇರೆ ರೀತಿ.

ಧರ್ಮಪುರಿಯ ಕೋಟೆ ಪ್ರದೇಶದಲ್ಲಿ ಮಲ್ಲಿಕಾರ್ಜುನ ಮತ್ತು ಕಾಮಾಕ್ಷಿ ಅಮ್ಮನ ಗುಡಿಗಳಿವೆ. ಬೆಳಗಿನ ಹೊತ್ತು ಹೋಗಿ, ಕಂಬಗಳನ್ನು ನಿಧಾನವಾಗಿ ನೋಡಿ. ಹೇಮಾವತಿ ನೋಡಿದವರಿಗೆ ನೊಳಂಬರ ಕೈ ಗುರುತು ಸಿಗುತ್ತದೆ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಚೋಳರು ಈ ಸೀಮೆ ಗೆದ್ದು ನೊಳಂಬವಾಡಿಗೆ 'ನಿಗರಿಲಿಚೋಳ ಮಂಡಲ' ಎಂದು ಹೆಸರಿಟ್ಟರು. ನೂರು ವರ್ಷ ಕಳೆದ ಮೇಲೆ ತಲಕಾಡಿನಲ್ಲಿ ಚೋಳರ ಕಡೆಯಿಂದ ಕಾವಲಿದ್ದವನು ಒಬ್ಬ ಅದಿಯಮ. ಇವನನ್ನು ಸೋಲಿಸಿಯೇ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡು ತೆಗೆದುಕೊಂಡದ್ದು. ಹೊಯ್ಸಳರ ಇತಿಹಾಸ ಓದುವಾಗ ಈ 'ಅದಿಯಮ' ಎಂಬ ಹೆಸರನ್ನು ನಾವು ಹಾಗೇ ದಾಟಿಬಿಡುತ್ತೇವೆ. ನೆಲ್ಲಿಕಾಯಿ ಕೊಟ್ಟವನ ಹೆಸರೇ ಅದು.

ಊರಾಚೆಯ ಹೊಲಗಳಲ್ಲಿ ವೀರಗಲ್ಲುಗಳು. ತಮಿಳಿನಲ್ಲಿ ನಡುಗಲ್. ಧರ್ಮಪುರಿಯ ಸರ್ಕಾರಿ ಸಂಗ್ರಹಾಲಯದಲ್ಲಿ ಒಂದಷ್ಟನ್ನು ತಂದು ನಿಲ್ಲಿಸಿದ್ದಾರೆ. ಮೊದಲು ಅಲ್ಲಿಗೆ ಹೋಗಿ ಕಣ್ಣು ಪಳಗಿಸಿಕೊಂಡರೆ ಆಮೇಲೆ ಹೊಲದಲ್ಲಿ ಕಂಡದ್ದು ಕಾಣುತ್ತದೆ, ಇಲ್ಲದಿದ್ದರೆ ಬರೀ ಚಪ್ಪಡಿ. ಹೆಚ್ಚಿನವು ವಟ್ಟೆೞುತ್ತು ಲಿಪಿಯ ತಮಿಳು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ತೊಱು'. ದನದ ಹಿಂಡು. ನಮ್ಮ ವೀರಗಲ್ಲುಗಳಲ್ಲಿ 'ತುಱು', ತುಱುಗೊಳ್. ಕದ್ದವರೂ ಕಾಪಾಡಿದವರೂ ಯಾವ ಭಾಷೆಯವರಾದರೂ ಆಗಿರಲಿ, ಜಗಳ ದನದ್ದು, ಮಾತೂ ಒಂದೇ. ಸಂಜೆ ನಾಲ್ಕೂವರೆಗೆ ಸ್ಕೂಲು ಬಿಟ್ಟಮೇಲೆ ಈ ಕಲ್ಲುಗಳ ಪಕ್ಕದಲ್ಲೇ ಹುಡುಗಿಯರು ಸೈಕಲ್ಲುಗಳಲ್ಲಿ ಸಾಲಾಗಿ ಹೋಗುತ್ತಾರೆ. ತಮಿಳುನಾಡು ಸರ್ಕಾರ 2001-02ರಲ್ಲಿ ಪರಿಶಿಷ್ಟ ವರ್ಗದ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಆಮೇಲೆ ಹನ್ನೊಂದನೇ ತರಗತಿಯ ಎಲ್ಲ ಮಕ್ಕಳಿಗೂ ವಿಸ್ತರಿಸಿತು. ಆಲ್ಪ್ಸಿನಲ್ಲಿ ಸೈಕಲ್ ಹವ್ಯಾಸ. ಇಲ್ಲಿ ಅದು ಹೈಸ್ಕೂಲು ಮುಗಿದಮೇಲೂ ಹುಡುಗಿ ಓದು ಬಿಡದೆ ಇರುವುದಕ್ಕೆ ಇರುವ ದಾರಿ. ಗೇರಿಲ್ಲ, ಮುಂದೆ ಒಂದು ಬುಟ್ಟಿ. ಏರಿನಲ್ಲಿ ನನ್ನನ್ನು ಹಿಂದೆ ಹಾಕಿ, "ಸಾರ್, ಇಳಿದು ತಳ್ಳಿ" ಎಂದು ತಮಿಳಿನಲ್ಲಿ ಉಪದೇಶ ಮಾಡಿಹೋದವರೂ ಅವರೇ.

ವೈನಿನ ಮಾತು ಬಂದಿತ್ತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವ್ವೈ ನೆನೆದ ಹೆಂಡ ಈಗ ನಿಮಗೆ ಇಲ್ಲಿ ಸಿಗುವುದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿರೋಧ ಮೊಟ್ಟಮೊದಲು ಜಾರಿಯಾದದ್ದು ಈ ಸೇಲಂ ಜಿಲ್ಲೆಯಲ್ಲೇ, 1937ರ ಅಕ್ಟೋಬರ್ 1ರಂದು. ಆಗ ಪ್ರಧಾನಿ (ಮುಖ್ಯಮಂತ್ರಿಗೆ ಆಗಿನ ಹೆಸರು ಅದು) ರಾಜಾಜಿ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಮ್ಮಿನಲ್ಲಿ ವಕೀಲಿಕೆ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆಗಿದ್ದವರು. ಮೂರು ಮೆಟ್ಟಿಲನ್ನೂ ಬಲ್ಲ ಮನುಷ್ಯ. ಪಾನನಿರೋಧಕ್ಕೆಂದೇ 'ವಿಮೋಚನಂ' ಎಂಬ ತಮಿಳು ಪತ್ರಿಕೆ ನಡೆಸಿದ್ದರು. ಹೆಂಡದ ಗುತ್ತಿಗೆಯ ಹಣ ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆದಾಯ. ಅದು ನಿಂತರೆ ಶಾಲೆ, ರಸ್ತೆಗೆ ಹಣ ಎಲ್ಲಿಂದ? ಅದಕ್ಕೆ ಅವರು ಕಂಡುಕೊಂಡ ದಾರಿ ಮಾರಾಟ ತೆರಿಗೆ. 1939ರ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ದೇಶದಲ್ಲೇ ಈ ಬಗೆಯ ಮೊದಲನೆಯದು. ಇವತ್ತು ಸೋಪು ಕೊಂಡರೂ ಬಿಲ್ಲಿನ ಕೆಳಗೆ ತೆರಿಗೆಯ ಸಾಲು ಇರುತ್ತದಲ್ಲ, ಅದರ ಬೇರು ಹಿಡಿದು ಹೋದರೆ ಸೇಲಮ್ಮಿನ ಈಚಲು, ತಾಳೆ ಮರಗಳ ಬುಡಕ್ಕೆ ಬರುತ್ತದೆ.

ಆಮೇಲೆ ನಿಷೇಧ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಹೆಂಡಕ್ಕೆ ಮಾತ್ರ 1987ರಿಂದ ತಮಿಳುನಾಡಿನಲ್ಲಿ ಪೂರ್ತಿ ನಿಷೇಧ. ಬ್ರಾಂದಿ, ಬೀರನ್ನು 2003ರಿಂದ ಸರ್ಕಾರವೇ ಅಂಗಡಿಯಿಟ್ಟು ಮಾರುತ್ತದೆ. ನೀತಿಯ ದೃಷ್ಟಿಯಿಂದ ಇದು ಹೇಗೆ ಸರಿಯೋ ನನಗೆ ತಿಳಿಯದು. ಮರ ಹತ್ತುವವನ ಕಸುಬು ಹೋಯಿತು, ಕುಡಿತವೇನೂ ಹೋಗಲಿಲ್ಲ. ಮೇಷ್ಟ್ರಾಗಿ ನಾನು ಕುಡಿತದ ಪರ ವಕಾಲತ್ತು ಮಾಡುವುದಿಲ್ಲ. ಸೋಮವಾರ ಯಾವ ಹುಡುಗ ಯಾಕೆ ಗೈರು ಎಂಬುದು ನನಗೆ ಗೊತ್ತು. ಸೈಕಲ್ ಸವಾರರಿಗೆ ಕೂೞ್, ಎಳನೀರು, ಪಾನಕ ಸಾಕು.

ಬಾರಾಮಹಲು ಕಂಪನಿಗೆ ಸಿಕ್ಕಿದಾಗ ಅದರ ಕಂದಾಯ ನೋಡಿಕೊಳ್ಳಲು ಬಂದವರು ಅಲೆಕ್ಸಾಂಡರ್ ರೀಡ್ ಮತ್ತು ಅವನ ಮೂವರು ಸಹಾಯಕರು. ಅವರಲ್ಲೊಬ್ಬ ಥಾಮಸ್ ಮನ್ರೋ. ಏಳು ವರ್ಷ ಇಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿ, ಹೊಲ ಅಳೆಸಿ, ರೈತನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿ ಕಲಿತ. ರೈತವಾರಿ ಎಂದು ನಾವು ಪರೀಕ್ಷೆಗೆ ಐದು ಮಾರ್ಕಿಗೆ ಬರೆಸುತ್ತೇವಲ್ಲ, ಅದರ ಪ್ರಯೋಗಶಾಲೆ ಇದೇ ಸೀಮೆ. 1799ರಲ್ಲಿ ಕೆನರಾ ಜಿಲ್ಲೆಗೆ ಹೊರಡಬೇಕಾದಾಗ ಧರ್ಮಪುರಿಯಲ್ಲಿ ತಾನು ಬೆಳೆಸಿದ ತೋಟ ಬಿಟ್ಟುಹೋಗಬೇಕಲ್ಲ ಎಂದು ಪತ್ರದಲ್ಲಿ ಕೊರಗಿದ್ದಾನೆ. ಕಂದಾಯದವನಿಗೂ ಮನಸ್ಸಿರುತ್ತದೆ.

ಧರ್ಮಪುರಿಯಿಂದ ಏಳೆಂಟು ಕಿಲೋಮೀಟರಿಗೆ ಅದಿಯಮಾನ್ ಕೋಟೆ. ಅಲ್ಲಿನ ಚೆನ್ನರಾಯ ಪೆರುಮಾಳ್ ಗುಡಿಯ ಒಳಮಾಡಿನಲ್ಲಿ ರಾಮಾಯಣ, ಮಹಾಭಾರತದ ವರ್ಣಚಿತ್ರಗಳಿವೆ. ಮಾಸಿವೆ, ಆದರೂ ಕತ್ತೆತ್ತಿ ನೋಡುತ್ತ ನಿಲ್ಲುವಂತಿವೆ. ಚೆನ್ನರಾಯ! ನಮ್ಮ ಚನ್ನರಾಯಪಟ್ಟಣದ ಚೆನ್ನರಾಯನೇ, ಪಕ್ಕದಲ್ಲಿ ಪೆರುಮಾಳ್ ಎಂದು ಸೇರಿಸಿಕೊಂಡು ಕೂತಿದ್ದಾನೆ.

ಅಲ್ಲಿಂದ ಮುಂದೆ ತೊಪ್ಪೂರು ಘಟ್ಟ, ಮೂರನೆಯ ಮೆಟ್ಟಿಲಿಗೆ ಇಳಿಯುವ ಜಾಗ. ಇಲ್ಲಿ ಶೌರ್ಯ ಬೇಡ. ಬ್ರೇಕ್ ಕಳೆದುಕೊಂಡ ಲಾರಿಗಳ ಅಪಘಾತಕ್ಕೆ ಹೆಸರಾದ ಇಳಿಜಾರು ಅದು. ಸೈಕಲ್ಲನ್ನು ಯಾವುದಾದರೂ ಸಣ್ಣ ಗೂಡ್ಸ್ ಗಾಡಿಗೆ ಹಾಕಿ ಓಮಲೂರಿನವರೆಗೆ ಹೋಗಿಬಿಡಿ. ಪುರುಸೊತ್ತಿದ್ದರೆ ಓಮಲೂರಿನಿಂದ ಪಶ್ಚಿಮಕ್ಕೆ ತಾರಮಂಗಲದ ಕೈಲಾಸನಾಥ ದೇವಸ್ಥಾನ ನೋಡಿ ಬನ್ನಿ. ಗಟ್ಟಿ ಮುದಲಿಗಳು ಎಂಬ ಪಾಳೆಯಗಾರರು ಬೆಳೆಸಿದ್ದು. ಇವರ ಸೀಮೆಯನ್ನು ಹದಿನೇಳನೇ ಶತಮಾನದಲ್ಲಿ ಮೈಸೂರು ಒಡೆಯರು ಸ್ವಲ್ಪಸ್ವಲ್ಪವೇ ನುಂಗಿದರು. ಹೈದರ್, ಟಿಪ್ಪು ಕಾಲಕ್ಕಿಂತ ಮುಂಚೆಯೇ ಸೇಲಂ ಮೈಸೂರಿನದಾಗಿತ್ತು ಎಂಬುದು ಮೈಸೂರಿನವರಿಗೇ ಮರೆತುಹೋಗಿದೆ.

ಸೇಲಂ ಪೇಟೆಯಲ್ಲಿ ಸೈಕಲ್ ತುಳಿಯುವುದು ಸುಖವಲ್ಲ. ಸಂಜೆ ಗಾಡಿಯ ಹತ್ತಿರ ನಿಂತು ತಟ್ಟುವಡೆ ಸೆಟ್ ತಿನ್ನಿ: ಎರಡು ಸಣ್ಣ ನಿಪ್ಪಟ್ಟಿನ ನಡುವೆ ಚಟ್ನಿ, ತುರಿದ ಕ್ಯಾರೆಟ್, ಬೀಟ್‌ರೂಟ್. ಪಾಯಸದ ಸಬ್ಬಕ್ಕಿಯೂ ಈ ಸೀಮೆಯದೇ. ಮರಗೆಣಸಿನ ಹಾಲು ಇಳಿಸಿ ಕಾಳು ಮಾಡುವ ಕಾರ್ಖಾನೆಗಳು ಸುತ್ತಲೂ ಇವೆ. ನೇಯ್ಗೆಯ ದೇವಾಂಗದವರ ಮನೆಗಳಲ್ಲಿ ಚೌಡೇಶ್ವರಿಯ ಜೊತೆಗೆ ಕನ್ನಡವೂ ಉಳಿದಿದೆ. ಓದಲು ಬಾರದ, ಆಡಲು ಮಾತ್ರ ಬರುವ ಕನ್ನಡ. ಕೇಳಿದರೆ ಹಿತವಾಗುತ್ತದೆ, ಸ್ವಲ್ಪ ಹೊತ್ತಿಗೆ ಬೇಜಾರೂ ಆಗುತ್ತದೆ.

ಇಷ್ಟು ಹೊತ್ತು ಇಳಿದದ್ದನ್ನೆಲ್ಲ ಬಡ್ಡಿ ಸಮೇತ ಹತ್ತಿಸುವುದು ಏರ್ಕಾಡು. ಸೇಲಮ್ಮಿನಿಂದ ಮೂವತ್ತು ಕಿಲೋಮೀಟರ್, 20 ಹೇರ್‌ಪಿನ್ ತಿರುವು, ಸುಮಾರು 1500 ಮೀಟರ್ ಎತ್ತರ. ತಿರುವಿಗೆ ತಿರುವಿಗೆ ನಂಬರ್ ಬರೆದಿದ್ದಾರೆ, ಅದೊಂದು ಹಿಂಸೆ. ಕಾಲೆಳೆಯುತ್ತ ಹತ್ತುವವನಿಗೆ ಇನ್ನೂ ಹದಿನಾಲ್ಕಿದೆ ಎಂದು ಯಾರಾದರೂ ಹೇಳಬೇಕೇ? ಆಸ್ಟ್ರಿಯಾದ ಚಕ್ರಾಧಿಪತ್ಯ ಸ್ಟೆಲ್ವಿಯೋ ರಸ್ತೆ ಕಟ್ಟಿಸಿದ್ದು 1820ರಿಂದ 25ರ ನಡುವೆ. ಅದೇ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ. ಡಿ. ಕಾಕ್‌ಬರ್ನ್ ಈ ಶೇರ್ವರಾಯನ್ ಬೆಟ್ಟಕ್ಕೆ ಕಾಫಿ ಗಿಡ ತರಿಸಿದ. ಅವನ ಹಿಂದೆ ಬೇರೆ ಬಿಳಿಯರು ಬಂದರು, ತೋಟಗಳಾದವು. ಬೆಟ್ಟದವರ ರಾಗಿ, ಸಾಮೆಯ ಹೊಲಗಳು ಹಿಂದೆ ಸರಿದವು.

ಬೆಟ್ಟದವರು ಎಂದೆನಲ್ಲ, ಅವರ ಹೆಸರು ಮಲಯಾಳಿ. ಕೇರಳಕ್ಕೂ ಇವರಿಗೂ ಸಂಬಂಧವಿಲ್ಲ, ಮಲೆಯಲ್ಲಿ ಆಳುವವರು ಎಂದರ್ಥ, ಮಾತು ತಮಿಳು. ಕಂಚಿಯಿಂದ ಹೊರಟ ಮೂವರು ಅಣ್ಣತಮ್ಮಂದಿರು ಮೂರು ಬೆಟ್ಟ ಹಂಚಿಕೊಂಡರು ಎಂಬುದು ಅವರ ಮೂಲದ ಕತೆ. ಏರ್ಕಾಡಿನ ಕೆರೆ, ದೋಣಿ, ಐಸ್‌ಕ್ರೀಮ್ ಅಂಗಡಿಗಳನ್ನು ದಾಟಿ ಇನ್ನೂ ಮೇಲೆ ಹತ್ತಿದರೆ, 1600 ಮೀಟರಿಗೂ ಮೇಲೆ, ಬೆಟ್ಟದ ಬಯಲಿನ ಅಂಚಿನಲ್ಲಿ ಅವರ ದೇವರ ಗವಿ. ಬಗ್ಗಿಕೊಂಡು ಒಳಗೆ ಹೋಗಬೇಕು. ಮೇ ತಿಂಗಳಲ್ಲಿ ಜಾತ್ರೆ.

ಒಳಗೆ ಇಬ್ಬರು. ಒಬ್ಬ ಶೇರ್ವರಾಯ, ಆ ಬೆಟ್ಟವೇ ದೇವರಾದದ್ದು. ಪಕ್ಕದಲ್ಲಿರುವ ಅಮ್ಮ ಯಾರು ಎಂದು ಪೂಜಾರಿಯನ್ನು ಕೇಳಿದೆ. ಕಾವೇರಿ, ಅಂದರು. ಆಕೆ ನಮ್ಮ ಕೊಡಗಿನಲ್ಲಿ ಹುಟ್ಟಿದವಳಲ್ಲವೇ ಎಂದೆ. ಅವರು ಪಶ್ಚಿಮದ ಕಡೆ ಕೈ ತೋರಿಸಿದರು. ಬಿಸಿಲಿನ ಮಂಜು ಕವಿದ ಬಯಲಿನಾಚೆ ಮೆಟ್ಟೂರು, ಅದರ ಮೇಲೆ ಹೊಗೆನಕಲ್ಲು, ಅದರ ಮೇಲೆ ನಮ್ಮದು. "ಹುಟ್ಟಿದ್ದು ಅಲ್ಲಿ ಸಾಮಿ, ಕೊಟ್ಟದ್ದು ಇಲ್ಲಿಗೆ" ಅಂದರು. ತೆಂಗಿನಕಾಯಿ ಒಡೆದು ಅರ್ಧ ಹೋಳು ನನ್ನ ಕೈಗಿಟ್ಟರು.